ವೆರಿಕೋಸ್ ವೇನ್: ಲೇಸರಾ, ಗ್ಲೂನಾ ಎಂದು ಕೇಳುವ ಮೊದಲು ನಿಂತು ಸ್ಕ್ಯಾನ್ ಮಾಡಿಸಿ

“ಸಿಸ್ಟರ್, ಲೇಸರ್ ಒಳ್ಳೆಯದಾ, ಗ್ಲೂ ಒಳ್ಳೆಯದಾ?” ಕಾಲಿನ ರಕ್ತನಾಳ ಉಬ್ಬಿದವರು, ಅಂದರೆ ವೆರಿಕೋಸ್ ವೇನ್ ಇರುವವರು, ಒಪಿಡಿಗೆ ಬಂದು ಕೂತ ಕೂಡಲೇ ಕೇಳುವುದು ಇದನ್ನೇ. ಎರಡೂ ಆ ಕೆಟ್ಟ ನಾಳವನ್ನು ಒಳಗಿನಿಂದ ಮುಚ್ಚುವ ವಿಧಾನಗಳು. ಮಂಗಳೂರಿನ ಒಂದು ಆಸ್ಪತ್ರೆಯ ರಕ್ತನಾಳ ವಿಭಾಗದಲ್ಲಿ ನರ್ಸ್ ಆಗಿರುವ ನನಗೆ ಫೋನಿನಲ್ಲಿ, ಮದುವೆ ಊಟದ ಸಾಲಿನಲ್ಲಿ ಸಹ ಇದೇ ಪ್ರಶ್ನೆ ಬರುತ್ತದೆ. ಕೇಳುವವರಲ್ಲಿ ಬಂದರಿನ ಧಕ್ಕೆಯಲ್ಲಿ ಬೆಳಗ್ಗಿನ ಜಾವದಿಂದ ನಿಂತು ಮೀನು ಮಾರುವವರಿದ್ದಾರೆ. ಸಿಟಿ ಬಸ್ಸಿನ ಕಂಡಕ್ಟರುಗಳು, ಹೋಟೆಲ್ ಅಡುಗೆಯವರು, ಟೀಚರುಗಳು, ನಮ್ಮದೇ ವಾರ್ಡಿನ ನರ್ಸುಗಳೂ ಇದ್ದಾರೆ. ಎಲ್ಲರೂ ಯಾವುದೋ ಜಾಹೀರಾತು ನೋಡಿ ಮೆಷಿನ್ನಿನ ಹೆಸರು ಹಿಡಿದುಕೊಂಡೇ ಬಂದಿರುತ್ತಾರೆ.

ಮೆಷಿನ್ ಆಮೇಲಿನ ಮಾತು. ನಿಮ್ಮ ಕಾಲಿನಲ್ಲಿ ಯಾವ ನಾಳ, ಎಲ್ಲಿಂದ ಎಲ್ಲಿಯವರೆಗೆ ಕೆಟ್ಟಿದೆ ಎಂದು ಗೊತ್ತಾದ ಮೇಲೆ ಮಾತ್ರ ಯಾವ ಚಿಕಿತ್ಸೆ ಎಂಬುದು ತೀರ್ಮಾನವಾಗುತ್ತದೆ. ಕಳೆದ ಇಪ್ಪತ್ತೈದು ವರ್ಷಗಳ ಸಂಶೋಧನೆಯನ್ನು ಓದಿದರೂ ಕೊನೆಗೆ ಬಂದು ನಿಲ್ಲುವುದು ಇಲ್ಲಿಗೇ. ಆ ಸಂಶೋಧನೆ ಏನು ಹೇಳುತ್ತದೆ, ಅದನ್ನು ಇಟ್ಟುಕೊಂಡು ನೀವು ಡಾಕ್ಟರ ಹತ್ತಿರ ಹೇಗೆ ಮಾತಾಡಬೇಕು ಎಂಬುದನ್ನು ಹಂತ ಹಂತವಾಗಿ ಬರೆಯುತ್ತೇನೆ. ಇದು ಡಾಕ್ಟರ ಸಲಹೆಗೆ ಬದಲಿ ಅಲ್ಲ. ಅವರ ಮುಂದೆ ಕೂತಾಗ ಅವರ ಮಾತು ನಿಮಗೆ ಸರಿಯಾಗಿ ಅರ್ಥವಾಗಲಿ ಎಂಬುದಷ್ಟೇ ಇದರ ಉದ್ದೇಶ.

ಮೊದಲು, ಕಾಲಿನೊಳಗೆ ಆಗಿರುವುದೇನು?

ಕಾಲಿನ ರಕ್ತ ಮೇಲಕ್ಕೆ, ಹೃದಯಕ್ಕೆ ವಾಪಸ್ ಹೋಗಬೇಕು. ನಾವು ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿ ಅದನ್ನು ಮೇಲಕ್ಕೆ ತಳ್ಳುತ್ತದೆ. ತಳ್ಳಿದ ರಕ್ತ ಕೆಳಗೆ ಬೀಳದ ಹಾಗೆ ನಾಳದೊಳಗೆ ಅಲ್ಲಲ್ಲಿ ಕವಾಟಗಳಿವೆ. ಬಾವಿಯ ಪಂಪಿಗೆ ಫುಟ್‌ವಾಲ್ವ್ ಇರುತ್ತದಲ್ವಾ, ಅದೇ ಕೆಲಸ. ಅದು ಸೋರಿದರೆ ಪೈಪಿನ ನೀರೆಲ್ಲ ಬಾವಿಗೆ ಇಳಿಯುತ್ತದೆ. ಕಾಲಿನ ಕವಾಟ ಸೋರಿದರೆ ರಕ್ತ ಪಾದದ ಕಡೆಗೆ ಇಳಿದು ಅಲ್ಲೇ ಒತ್ತಡ ಕಟ್ಟುತ್ತದೆ. ನಾಳ ಹಿಗ್ಗುತ್ತದೆ, ತಿರುಚಿಕೊಳ್ಳುತ್ತದೆ, ಚರ್ಮದ ಮೇಲೆ ಎದ್ದು ಕಾಣುತ್ತದೆ. ಹೀಗೆ ರಕ್ತ ಹಿಂದಕ್ಕೆ ಹರಿಯುವುದನ್ನು ರಿಫ್ಲಕ್ಸ್ ಎನ್ನುತ್ತಾರೆ. ಈ ಪದ ನೆನಪಿಟ್ಟುಕೊಳ್ಳಿ, ನಿಮ್ಮ ರಿಪೋರ್ಟಿನಲ್ಲಿ ಇದೇ ಮುಖ್ಯ.

“ನಾಳವನ್ನೇ ಮುಚ್ಚಿಬಿಟ್ಟರೆ ರಕ್ತ ಎಲ್ಲಿಗೆ ಹೋಗ್ತದೆ?” ಎಂದು ಎಲ್ಲರೂ ಕೇಳುತ್ತಾರೆ. ಕೇಳಬೇಕಾದದ್ದೇ. ಕಾಲಿನ ರಕ್ತದ ಸುಮಾರು ಶೇಕಡಾ 90ರಷ್ಟು ಹೋಗುವುದು ಸ್ನಾಯುಗಳ ನಡುವೆ ಆಳದಲ್ಲಿರುವ ದೊಡ್ಡ ನಾಳಗಳಲ್ಲಿ. ಅವಕ್ಕೆ ಡೀಪ್ ವೇನ್ ಎಂದು ಹೆಸರು. ಚಿಕಿತ್ಸೆ ಮಾಡುವುದು ಚರ್ಮದ ಹತ್ತಿರ ಇರುವ, ಕೆಟ್ಟುಹೋದ ನಾಳಕ್ಕೆ. ಅದು ಹೇಗೂ ರಕ್ತವನ್ನು ತಪ್ಪು ದಿಕ್ಕಿಗೆ ಬಿಡುತ್ತಿತ್ತು. ಮುಚ್ಚಿದ ಮೇಲೆ ರಕ್ತ ಬೇರೆ ಒಳ್ಳೆಯ ನಾಳಗಳ ದಾರಿ ಹಿಡಿಯುತ್ತದೆ. ಇದೇ ಕಾರಣಕ್ಕೆ ಡೀಪ್ ವೇನ್ ಸರಿಯಾಗಿದೆಯೇ ಎಂದು ಮೊದಲು ನೋಡಲೇಬೇಕು.

ಹಂತ 1: ನಿಮ್ಮ ಕಾಲು ಯಾವ ಹಂತದಲ್ಲಿದೆ ನೋಡಿ

ಪ್ರಪಂಚದ ಎಲ್ಲ ಕಡೆ ಡಾಕ್ಟರುಗಳು ಬಳಸುವ ಒಂದು ಅಳತೆ ಇದೆ, ಹೆಸರು ಸಿಇಎಪಿ. ಅದರಲ್ಲಿ ಸಿ0ಯಿಂದ ಸಿ6ರವರೆಗೆ ಹಂತಗಳು. ಜೇಡರ ಬಲೆಯ ಹಾಗೆ ಕಾಣುವ ಸಣ್ಣ ಕೆಂಪು, ನೀಲಿ ಗೆರೆ ಮಾತ್ರ ಇದ್ದರೆ ಸಿ1. 3 ಮಿಲಿಮೀಟರಿಗಿಂತ ದಪ್ಪದ ಉಬ್ಬು ನಾಳ ಇದ್ದರೆ ಸಿ2. ಸಂಜೆ ಹೊತ್ತಿಗೆ ಊತ ಬರುತ್ತಿದ್ದರೆ ಸಿ3. ಹರಡಿನ ಹತ್ತಿರ, ಅಂದರೆ ಪಾದದ ಗಂಟಿನ ಒಳಬದಿಯಲ್ಲಿ, ಚರ್ಮ ಕಂದು ಬಣ್ಣಕ್ಕೆ ತಿರುಗಿ ತುರಿಕೆ, ಗಟ್ಟಿತನ ಶುರುವಾದರೆ ಸಿ4. ಹುಣ್ಣಾಗಿ ಮಾಯ್ದಿದ್ದರೆ ಸಿ5, ಈಗಲೂ ಹುಣ್ಣು ಇದ್ದರೆ ಸಿ6.

ಸಿ1 ಇದ್ದವರು ಗಾಬರಿಯಾಗಬೇಕಿಲ್ಲ, ಅದು ಹೆಚ್ಚಾಗಿ ನೋಟದ ಸಮಸ್ಯೆ. ಸಿ2 ಇದ್ದು ನೋವು, ಭಾರ, ಸೆಳೆತ ಇದ್ದರೆ ಒಮ್ಮೆ ತೋರಿಸಿ. ಸಿ4 ಶುರುವಾಯಿತು ಅಂದರೆ ಕಾಯಬೇಡಿ. ನಮ್ಮ ಕಡೆ ತುಂಬಾ ಜನ ಎಡವುವುದು ಇಲ್ಲೇ. ಕಂದು ಬಣ್ಣ, ತುರಿಕೆ ನೋಡಿ ಚರ್ಮದ ಕಾಯಿಲೆ ಎಂದುಕೊಂಡು ಮೆಡಿಕಲ್ ಶಾಪಿನ ಮುಲಾಮು ಹಚ್ಚುತ್ತಾ ವರ್ಷ ಕಳೆಯುತ್ತಾರೆ. ಮಳೆಗಾಲದಲ್ಲಿ ಗದ್ದೆ, ತೋಟದ ಕೆಸರಿನಲ್ಲಿ ಕಾಲಿಟ್ಟು ಕೆರೆದುಕೊಂಡ ಜಾಗವೇ ಹುಣ್ಣಾಗುತ್ತದೆ. ಆಮೇಲೆ ಅದು ತಿಂಗಳುಗಟ್ಟಲೆ ಮಾಯುವುದಿಲ್ಲ.

ಮೂರು ಸಂದರ್ಭಗಳಲ್ಲಿ ಈ ಲೇಖನ ಪಕ್ಕಕ್ಕಿಟ್ಟು ಆಸ್ಪತ್ರೆಗೆ ಹೊರಡಿ.

ಒಂದು, ಉಬ್ಬಿದ ನಾಳ ಒಡೆದು ರಕ್ತ ಬಂದರೆ. ಸ್ನಾನದ ಮನೆಯಲ್ಲಿ ಹೀಗಾಗುವುದುಂಟು, ರಕ್ತ ಧಾರೆಯಾಗಿ ಬರುತ್ತದೆ. ಕೂಡಲೇ ನೆಲದಲ್ಲಿ ಅಂಗಾತ ಮಲಗಿ, ಕಾಲು ಎತ್ತರಕ್ಕೆ ಇಡಿ, ಶುಭ್ರ ಬಟ್ಟೆಯಿಂದ ಆ ಜಾಗವನ್ನು ಬಲವಾಗಿ ಒತ್ತಿ ಹಿಡಿಯಿರಿ. ತೊಡೆಗೆ ಹಗ್ಗ ಕಟ್ಟಬೇಡಿ. ನಿಂತುಕೊಂಡೇ ರಕ್ತ ಒರೆಸುತ್ತಾ ಇದ್ದರೆ ರಕ್ತ ನಿಲ್ಲುವುದಿಲ್ಲ.

ಎರಡು, ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ಮೀನಖಂಡ ನೋಯತೊಡಗಿದರೆ. ಇದು ಡೀಪ್ ವೇನಿನಲ್ಲಿ ರಕ್ತ ಹೆಪ್ಪುಗಟ್ಟಿದ ಲಕ್ಷಣ ಇರಬಹುದು. ಜೊತೆಗೆ ಉಸಿರು ಕಟ್ಟುವುದು, ಎದೆನೋವು ಇದ್ದರೆ ಒಂದು ಕ್ಷಣವೂ ತಡಮಾಡಬೇಡಿ.

ಮೂರು, ಉಬ್ಬಿದ ನಾಳ ಹಗ್ಗದ ಹಾಗೆ ಗಟ್ಟಿಯಾಗಿ, ಕೆಂಪಾಗಿ, ಮುಟ್ಟಿದರೆ ನೋಯುತ್ತಿದ್ದರೆ. ಇದಕ್ಕೆ ಎಣ್ಣೆ ಹಾಕಿ ಜೋರಾಗಿ ತಿಕ್ಕಿಸಬೇಡಿ, ದಯವಿಟ್ಟು. ಅಲ್ಲಿ ಹೆಪ್ಪುಗಟ್ಟಿದ ರಕ್ತ ಇರುತ್ತದೆ. ಅದು ಆಳದ ನಾಳದವರೆಗೆ ಹಬ್ಬಿದೆಯೇ ಎಂದು ಸ್ಕ್ಯಾನ್ ಹೇಳಬೇಕು.

ಹಂತ 2: ನಿಂತುಕೊಂಡು ಡಾಪ್ಲರ್ ಸ್ಕ್ಯಾನ್ ಮಾಡಿಸಿ

ಡಾಪ್ಲರ್ ಅಂದರೆ ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಅಲ್ಟ್ರಾಸೌಂಡ್. ಸೂಜಿ ಇಲ್ಲ, ನೋವಿಲ್ಲ, ಎಕ್ಸ್‌ರೇ ಕಿರಣವೂ ಇಲ್ಲ. ಆದರೆ ಸರಿಯಾಗಿ ಮಾಡಿದರೆ ಮಾತ್ರ ಉಪಯೋಗ.

ಸರಿಯಾದ ಸ್ಕ್ಯಾನ್ ಹೀಗಿರುತ್ತದೆ. ನಿಮ್ಮನ್ನು ಒಂದು ಸಣ್ಣ ಮೆಟ್ಟಿಲಿನ ಮೇಲೆ ನಿಲ್ಲಿಸುತ್ತಾರೆ. ಭಾರವೆಲ್ಲ ಒಳ್ಳೆಯ ಕಾಲಿನ ಮೇಲೆ, ನೋಡಬೇಕಾದ ಕಾಲು ಸ್ವಲ್ಪ ಹೊರಕ್ಕೆ ತಿರುಗಿ ಸಡಿಲವಾಗಿ. ಡಾಕ್ಟರು ತೊಡೆಸಂದಿನಲ್ಲಿ ಜೆಲ್ ಹಚ್ಚಿ ಪ್ರೋಬ್ ಇಡುತ್ತಾರೆ. ಇನ್ನೊಂದು ಕೈಯಿಂದ ನಿಮ್ಮ ಮೀನಖಂಡವನ್ನು ಹಿಂಡಿ ಫಕ್ಕನೆ ಬಿಡುತ್ತಾರೆ. ಹಿಂಡುವಾಗ ಪರದೆಯಲ್ಲಿ ಒಂದು ಬಣ್ಣ ಕಾಣುತ್ತದೆ, ರಕ್ತ ಮೇಲಕ್ಕೆ ಹೋಯಿತು. ಬಿಟ್ಟ ಕೂಡಲೇ ಆರೋಗ್ಯವಂತ ನಾಳದಲ್ಲಿ ಬಣ್ಣ ಮಾಯ, ಕವಾಟ ಮುಚ್ಚಿಕೊಂಡಿತು. ಕೆಟ್ಟ ನಾಳದಲ್ಲಿ ಬಣ್ಣ ತಿರುಗುತ್ತದೆ. ನೀಲಿ ಇದ್ದದ್ದು ಕೆಂಪಾಗುತ್ತದೆ, ಹಾಗೇ ನಿಲ್ಲುತ್ತದೆ. ಎಷ್ಟು ಹೊತ್ತು ನಿಂತಿತು ಎಂಬುದೇ ಲೆಕ್ಕ. ಚರ್ಮದ ಹತ್ತಿರದ ನಾಳಗಳಲ್ಲಿ ಅರ್ಧ ಸೆಕೆಂಡಿಗಿಂತ ಜಾಸ್ತಿ ಹಿಂದಕ್ಕೆ ಹರಿದರೆ ರಿಫ್ಲಕ್ಸ್ ಇದೆ ಎಂದು ಅರ್ಥ. ತೊಡೆ ಮತ್ತು ಮೊಣಕಾಲಿನ ಹಿಂದಿನ ಆಳದ ನಾಳಗಳಿಗೆ ಈ ಗಡಿ ಒಂದು ಸೆಕೆಂಡು.

ಆ ಬಣ್ಣ ತಿರುಗುವುದನ್ನು ರೋಗಿಗೇ ತೋರಿಸಿದರೆ ಮತ್ತೆ ಹೆಚ್ಚು ವಿವರಣೆ ಬೇಕಾಗುವುದಿಲ್ಲ. ನೀವೂ ಕೇಳಿ, ಪರದೆ ಈ ಕಡೆ ತಿರುಗಿಸಿ ತೋರಿಸುತ್ತಾರೆ.

ಮಲಗಿಸಿ ಮಾಡಿದರೆ ಏನಾಗುತ್ತದೆ? ನಾಳ ಖಾಲಿಯಾಗಿ ಚಪ್ಪಟೆಯಾಗುತ್ತದೆ. ದಪ್ಪ ಕಡಿಮೆ ಕಾಣುತ್ತದೆ, ರಿಫ್ಲಕ್ಸ್ ಕಣ್ಣು ತಪ್ಪಬಹುದು. ಹೊರಗಿನಿಂದ ರಿಪೋರ್ಟ್ ತಂದವರಿಗೆ ಮತ್ತೆ ಸ್ಕ್ಯಾನ್ ಹೇಳುವುದು ಇದೇ ಕಾರಣಕ್ಕೆ, ದುಡ್ಡಿಗಾಗಿ ಅಲ್ಲ. ಹೆಪ್ಪುಗಟ್ಟಿದ ರಕ್ತ ಇದೆಯೇ ಎಂದಷ್ಟೇ ನೋಡಲು ಮಲಗಿಸಿ ಮಾಡುವ ಸ್ಕ್ಯಾನ್ ಸಾಕು. ವೆರಿಕೋಸ್ ವೇನಿನ ಚಿಕಿತ್ಸೆ ಯೋಜಿಸಲು ಸಾಲದು. ಬುಕ್ ಮಾಡುವಾಗಲೇ “ವೀನಸ್ ಡಾಪ್ಲರ್, ನಿಲ್ಲಿಸಿ, ರಿಫ್ಲಕ್ಸ್ ನೋಡುವುದಕ್ಕೆ” ಎಂದು ಹೇಳಿ. ಸಾಧ್ಯವಾದರೆ ಮಧ್ಯಾಹ್ನದ ಮೇಲೆ, ಸ್ವಲ್ಪ ಓಡಾಡಿ ಬನ್ನಿ. ಸಡಿಲ ಬಟ್ಟೆ ಇರಲಿ. ತಲೆಸುತ್ತು ಬರುವವರು ಊಟ ಮಾಡಿಯೇ ಬನ್ನಿ, ಹದಿನೈದಿಪ್ಪತ್ತು ನಿಮಿಷ ನಿಲ್ಲಬೇಕಾಗುತ್ತದೆ.

ಹಂತ 3: ರಿಪೋರ್ಟ್ ಓದಿ

ನಾಲ್ಕು ಸಂಗತಿ ಇವೆಯೇ ನೋಡಿ. ಡೀಪ್ ವೇನ್ ತೆರೆದಿದೆ, ಹೆಪ್ಪು ಇಲ್ಲ ಎಂಬ ವಾಕ್ಯ. ಯಾವ ನಾಳದಲ್ಲಿ ರಿಫ್ಲಕ್ಸ್ ಎಂಬುದು: ಜಿಎಸ್‌ವಿ ಅಂದರೆ ತೊಡೆಸಂದಿನಿಂದ ಒಳಬದಿಯಲ್ಲಿ ಪಾದದವರೆಗೆ ಇಳಿಯುವ ಉದ್ದ ನಾಳ, ಎಸ್‌ಎಸ್‌ವಿ ಅಂದರೆ ಮೀನಖಂಡದ ಹಿಂಬದಿಯ ಗಿಡ್ಡ ನಾಳ. ನಾಳದ ದಪ್ಪ ಎಷ್ಟು ಮಿಲಿಮೀಟರ್ ಎಂಬುದು. ಕೊನೆಗೆ ಪರ್ಫೊರೇಟರ್, ಅಂದರೆ ಮೇಲಿನ ನಾಳವನ್ನು ಆಳದ ನಾಳಕ್ಕೆ ಸೇರಿಸುವ ಕೊಂಡಿಗಳು, ಸೋರುತ್ತಿವೆಯೇ ಎಂಬುದು. ಎಸ್‌ಎಫ್‌ಜೆ ಎಂದು ಬರೆದಿದ್ದರೆ ಅದು ತೊಡೆಸಂದಿನಲ್ಲಿ ಜಿಎಸ್‌ವಿ ಆಳದ ನಾಳಕ್ಕೆ ಸೇರುವ ಜಾಗ. ಸುಮ್ನೆ “ವೆರಿಕೋಸ್ ವೇನ್ ಇದೆ” ಎಂದಷ್ಟೇ ಬರೆದ ರಿಪೋರ್ಟಿನಿಂದ ಯಾರೂ ಚಿಕಿತ್ಸೆ ಯೋಜಿಸಲಾರರು.

ಹಂತ 4: ಚಿಕಿತ್ಸೆಗಳು ಯಾವುವು, ಸಂಶೋಧನೆ ಏನನ್ನುತ್ತದೆ

ಹಿಂದೆ ಮುಖ್ಯವಾಗಿ ಇದ್ದದ್ದು ಒಂದೇ ದಾರಿ. ತೊಡೆಸಂದಿನಲ್ಲಿ ಕೊಯ್ದು ನಾಳವನ್ನು ಕಟ್ಟಿ, ಎಳೆದು ತೆಗೆಯುವುದು. ಸ್ಟ್ರಿಪ್ಪಿಂಗ್ ಎನ್ನುತ್ತಾರೆ. 1999ರ ಸುಮಾರಿಗೆ ನಾಳವನ್ನು ಒಳಗಿನಿಂದಲೇ ಸುಟ್ಟು ಮುಚ್ಚುವ ವಿಧಾನಗಳು ಬಂದವು. ಈಗ ಬ್ರಿಟನ್ನಿನ ಆರೋಗ್ಯ ಸಂಸ್ಥೆ ನೈಸ್ 2013ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಮೊದಲ ಆಯ್ಕೆ ಬಿಸಿಯಿಂದ ಮುಚ್ಚುವುದು, ಅದು ಹೊಂದದಿದ್ದರೆ ಫೋಮ್, ಅದೂ ಹೊಂದದಿದ್ದರೆ ಆಪರೇಷನ್. ಸ್ಟ್ರಿಪ್ಪಿಂಗ್ ಕೆಟ್ಟದ್ದು ಎಂದಲ್ಲ. ಕೆಲವರಿಗೆ ಇವತ್ತಿಗೂ ಅದೇ ಸರಿ.

ಲೇಸರ್ ಮತ್ತು ಆರ್‌ಎಫ್‌ಎ. ಎರಡೂ ಬಿಸಿಯ ವಿಧಾನಗಳು. ಮೊಣಕಾಲಿನ ಹತ್ತಿರ ಸೂಜಿ ಚುಚ್ಚಿ, ಸ್ಕ್ಯಾನ್ ನೋಡುತ್ತಾ ತೆಳು ತಂತಿಯನ್ನು ನಾಳದೊಳಗೆ ತೊಡೆಸಂದಿನ ತನಕ ಕೊಂಡುಹೋಗುತ್ತಾರೆ. ಆಮೇಲೆ ನಾಳದ ಸುತ್ತ ಉದ್ದಕ್ಕೂ ಮರಗಟ್ಟಿಸುವ ಔಷಧಿ ಬೆರೆಸಿದ ಸಲೈನ್ ತುಂಬುತ್ತಾರೆ. ಇದಕ್ಕೆ ಟ್ಯೂಮಸೆಂಟ್ ಎಂದು ಹೆಸರು. ನೋವು ತಡೆಯುವುದು, ನಾಳವನ್ನು ತಂತಿಗೆ ಒತ್ತುವುದು, ಸುತ್ತಲಿನ ಚರ್ಮ ಮತ್ತು ನರಕ್ಕೆ ಬಿಸಿ ತಾಗದಂತೆ ಕಾಯುವುದು, ಮೂರೂ ಕೆಲಸ ಇದರದ್ದೇ. ನಿಜ ಹೇಳಬೇಕೆಂದರೆ ಇಡೀ ಚಿಕಿತ್ಸೆಯಲ್ಲಿ ಜನರಿಗೆ ಕಿರಿಕಿರಿ ಅನಿಸುವುದು ಈ ಚುಚ್ಚುಗಳೇ. ಮುಂದಿನದು ಹೆಚ್ಚು ಗೊತ್ತಾಗುವುದಿಲ್ಲ.

ಆರ್‌ಎಫ್‌ಎ ಅಂದರೆ ರೇಡಿಯೋ ತರಂಗದ ಬಿಸಿ. ಈಗ ಹೆಚ್ಚು ಬಳಕೆಯಲ್ಲಿರುವ ಕ್ಯಾತಿಟರ್, ಅಂದರೆ ನಾಳದೊಳಗೆ ಹೋಗುವ ಆ ತೆಳು ತಂತಿ, 7 ಸೆಂಟಿಮೀಟರ್ ಉದ್ದದ ತುಂಡನ್ನು 120 ಡಿಗ್ರಿಗೆ 20 ಸೆಕೆಂಡು ಬಿಸಿ ಮಾಡುತ್ತದೆ, ಆಮೇಲೆ ಮುಂದಿನ ತುಂಡು. ಲೇಸರಿನಲ್ಲಿ ತರಂಗದ ಉದ್ದದ್ದೇ ಚರ್ಚೆ. ಹಳೆಯ 810, 940, 980 ನ್ಯಾನೋಮೀಟರಿನ ಲೇಸರುಗಳ ಶಕ್ತಿಯನ್ನು ಹೆಚ್ಚಾಗಿ ರಕ್ತ ಹೀರಿಕೊಳ್ಳುತ್ತದೆ. 1470 ನ್ಯಾನೋಮೀಟರಿನದ್ದನ್ನು ನಾಳದ ಗೋಡೆಯಲ್ಲಿರುವ ನೀರಿನಂಶ ಹೀರಿಕೊಳ್ಳುತ್ತದೆ. ಅದರ ಜೊತೆ ಸುತ್ತ ಎಲ್ಲ ದಿಕ್ಕಿಗೂ ಬೆಳಕು ಬಿಡುವ ರೇಡಿಯಲ್ ಫೈಬರ್ ಸೇರಿದಾಗ ನೋವು, ಕಂದಿದ ಕಲೆ ಕಡಿಮೆಯಾಗುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ನಾಳ ಮುಚ್ಚುವ ಪ್ರಮಾಣ ಮಾತ್ರ ಹಳೆಯದಕ್ಕೂ ಹೊಸದಕ್ಕೂ ಹೆಚ್ಚುಕಡಿಮೆ ಒಂದೇ. ಈಗ 1940 ನ್ಯಾನೋಮೀಟರಿನ ಲೇಸರನ್ನು ಕಡಿಮೆ ಶಕ್ತಿಯಲ್ಲಿ ಬಳಸಿ ನೋಡುತ್ತಿದ್ದಾರೆ.

ಲೇಸರಾ, ಆರ್‌ಎಫ್‌ಎಯಾ ಎಂದು ತಲೆಕೆಡಿಸಿಕೊಳ್ಳಬೇಡಿ. ನಿಮ್ಮ ಡಾಕ್ಟರಿಗೆ ಯಾವುದರಲ್ಲಿ ಕೈ ಪಳಗಿದೆಯೋ ಅದು ಒಳ್ಳೆಯದು. ಒಂದು ಎಚ್ಚರಿಕೆ ಇದೆ. ಮೊಣಕಾಲಿನ ಕೆಳಗೆ ಮತ್ತು ಎಸ್‌ಎಸ್‌ವಿಯ ಪಕ್ಕದಲ್ಲಿ ಸ್ಪರ್ಶದ ನರಗಳು ನಾಳಕ್ಕೆ ಅಂಟಿಕೊಂಡೇ ಇರುತ್ತವೆ. ಅಲ್ಲಿ ಬಿಸಿ ತಾಗಿದರೆ ಪಾದದ ಬದಿ ಜೋಮು ಹಿಡಿದಂತೆ ಆಗಬಹುದು. ಹೆಚ್ಚಿನವರಿಗೆ ತಿಂಗಳುಗಳಲ್ಲಿ ಸರಿಹೋಗುತ್ತದೆ, ಆದರೂ ಮೊದಲೇ ಕೇಳಿ ತಿಳಿದುಕೊಳ್ಳಿ.

ಗ್ಲೂ. ಸಯನೋಅಕ್ರಿಲೇಟ್ ಎಂಬ ಅಂಟನ್ನು ನಾಳದೊಳಗೆ ಹನಿ ಹನಿಯಾಗಿ ಬಿಟ್ಟು ಹೊರಗಿನಿಂದ ಒತ್ತಿ ಮುಚ್ಚುವುದು. ಬಿಸಿ ಇಲ್ಲ, ಹಾಗಾಗಿ ಆ ಟ್ಯೂಮಸೆಂಟ್ ಚುಚ್ಚುಗಳೂ ಇಲ್ಲ. ನರಕ್ಕೆ ಪೆಟ್ಟಾಗುವ ಭಯವೂ ಕಡಿಮೆ. ಅಮೆರಿಕದಲ್ಲಿ 2015ರಲ್ಲಿ ಅನುಮತಿ ಸಿಕ್ಕಿತು. ಫಲಿತಾಂಶ ಒಳ್ಳೆಯದೇ ಇದೆ, ಅಂಕಿಗಳನ್ನು ಮುಂದಿನ ಹಂತದಲ್ಲಿ ನೋಡೋಣ. ಆದರೆ ಎರಡು ಮಾತು. ಅಂಟು ದೇಹದೊಳಗೇ ಉಳಿಯುತ್ತದೆ. ಕೆಲವರಿಗೆ ನಾಳದ ಉದ್ದಕ್ಕೂ ಕೆಂಪು, ತುರಿಕೆ, ಊತದ ಅಲರ್ಜಿ ಬರುತ್ತದೆ. ಹೆಚ್ಚಿನವರಿಗೆ ಔಷಧಿಯಲ್ಲೇ ಇಳಿಯುತ್ತದೆ, ಅಪರೂಪಕ್ಕೆ ಆಪರೇಷನ್ ಮಾಡಿ ನಾಳವನ್ನೇ ತೆಗೆಯಬೇಕಾಗುತ್ತದೆ. ಕೃತಕ ಉಗುರಿನ ಅಂಟು, ಬ್ಯಾಂಡೇಜಿನ ಅಂಟು ನಿಮಗೆ ಆಗುವುದಿಲ್ಲ ಎಂದಿದ್ದರೆ ಡಾಕ್ಟರಿಗೆ ಹೇಳದೆ ಇರಬೇಡಿ.

ಫೋಮ್. ಪಾಲಿಡೋಕನಾಲ್ ಅಥವಾ ಎಸ್‌ಟಿಎಸ್ ಎಂಬ ಔಷಧಿಯನ್ನು ಗಾಳಿ ಸೇರಿಸಿ ನೊರೆ ಮಾಡಿ ಇಂಜೆಕ್ಷನ್ ಕೊಡುವುದು. ನೊರೆ ನಾಳದ ಒಳಪದರವನ್ನು ಕೆಡಿಸಿ ಅಂಟಿಸುತ್ತದೆ. ಎರಡು ಸಿರಿಂಜ್, ಒಂದು ತ್ರೀ-ವೇ ಕೊಂಡಿ ಇದ್ದರೆ ಟೇಬಲ್ಲಿನ ಮೇಲೆಯೇ ತಯಾರಾಗುತ್ತದೆ, ಖರ್ಚೂ ಕಡಿಮೆ. ವಯಸ್ಸಾದವರಿಗೆ, ಮತ್ತೆ ಬಂದ ವೆರಿಕೋಸ್‌ಗೆ, ಹುಣ್ಣಿನ ಅಡಿಯ ತಿರುಚು ನಾಳಗಳಿಗೆ ತುಂಬಾ ಉಪಯೋಗ. ದಪ್ಪ ಜಿಎಸ್‌ವಿಗೆ ಇದೊಂದೇ ಸಾಕು ಎಂದು ಯಾರಾದರೂ ಹೇಳಿದರೆ ಯೋಚಿಸಿ. ಬ್ರಿಟನ್ನಿನ 11 ಕೇಂದ್ರಗಳಲ್ಲಿ 798 ಜನರ ಮೇಲೆ ನಡೆದ ಕ್ಲಾಸ್ ಎಂಬ ಅಧ್ಯಯನ ಲೇಸರ್, ಫೋಮ್, ಆಪರೇಷನ್ ಮೂರನ್ನೂ ಹೋಲಿಸಿತು. ಐದು ವರ್ಷದ ಫಲಿತಾಂಶ 2019ರಲ್ಲಿ ಬಂತು. ಲೇಸರ್ ಮತ್ತು ಆಪರೇಷನ್ ಆದವರ ಕಾಲಿನ ಸ್ಥಿತಿ, ಜೀವನದ ಗುಣಮಟ್ಟ ಫೋಮ್ ಆದವರಿಗಿಂತ ಚೆನ್ನಾಗಿತ್ತು. ಖರ್ಚಿಗೆ ತಕ್ಕ ಲಾಭದ ಲೆಕ್ಕದಲ್ಲಿ ಲೇಸರ್ ಮುಂದಿತ್ತು. ಫೋಮಿನ ನಂತರ ಚರ್ಮದ ಮೇಲೆ ಕಂದು ಗೆರೆ ತಿಂಗಳುಗಟ್ಟಲೆ ಉಳಿಯಬಹುದು, ನಮ್ಮ ಮೈಬಣ್ಣದಲ್ಲಿ ಅದು ಕಾಣುತ್ತದೆ. ಮೈಗ್ರೇನ್ ಇದ್ದವರು ಮೊದಲೇ ಹೇಳಬೇಕು.

ಇವಲ್ಲದೆ ಮೋಕಾ ಎಂಬುದೊಂದಿದೆ. ತಿರುಗುವ ತಂತಿಯಿಂದ ನಾಳದ ಒಳಪದರ ಕೆರೆದು ಔಷಧಿ ಬಿಡುವುದು. ನೋವು ಕಡಿಮೆ ಎಂಬ ಆಸೆ ಹುಟ್ಟಿಸಿತ್ತು. ಆದರೆ ಲೇಸರಿನೊಡನೆ ಹೋಲಿಸಿದ ಲಾಮಾ ಎಂಬ ಅಧ್ಯಯನದಲ್ಲಿ ವರ್ಷದ ಕೊನೆಗೆ ಮುಚ್ಚಿದ್ದ ನಾಳಗಳು ಲೇಸರಿನಲ್ಲಿ ಶೇಕಡಾ 91, ಮೋಕಾದಲ್ಲಿ 77. ಇನ್ನೂ ಹೊಸತು ಅಂದರೆ ಚರ್ಮಕ್ಕೆ ಸೂಜಿಯನ್ನೇ ತಾಗಿಸದೆ ಹೊರಗಿನಿಂದ ಶಬ್ದದ ತರಂಗಗಳನ್ನು ಒಂದೇ ಬಿಂದುವಿಗೆ ಕೂಡಿಸಿ ನಾಳ ಮುಚ್ಚುವ ಹೈಫು. ಯುರೋಪಿನಲ್ಲಿ ಕೆಲವೆಡೆ ಬಳಸುತ್ತಿದ್ದಾರೆ. ಇದರ ದೀರ್ಘಕಾಲದ ಫಲಿತಾಂಶಕ್ಕೆ ಕಾಯಬೇಕು. ನಿಮ್ಮ ಕಾಲನ್ನು ಅದಕ್ಕಾಗಿ ಕಾಯಿಸಬೇಡಿ.

ನಾಳ ಮುಚ್ಚದೆಯೇ ಹರಿವನ್ನು ಸರಿಪಡಿಸುವ ಚಿವಾ ಎಂಬ ಪದ್ಧತಿ 1988ರಿಂದ ಇದೆ. ಮುಂದೆ ಹೃದಯದ ಬೈಪಾಸಿಗೆ ನಾಳ ಬೇಕಾದರೆ ಎಂಬ ಚಿಂತೆ ಇರುವವರು ಇದರ ಬಗ್ಗೆ ಕೇಳುತ್ತಾರೆ. ಆದರೆ ಹಿಗ್ಗಿ ತಿರುಚಿಹೋದ ನಾಳ ಬೈಪಾಸಿಗೆ ಸಾಮಾನ್ಯವಾಗಿ ಉಪಯೋಗಕ್ಕೆ ಬರುವುದಿಲ್ಲ. ಆ ಭಯದಿಂದ ಚಿಕಿತ್ಸೆ ಮುಂದೂಡಬೇಡಿ.

ಹುಣ್ಣು ಇರುವವರಿಗೆ ಬೇರೆಯೇ ಮಾತು. ಹಿಂದೆ “ಮೊದಲು ಹುಣ್ಣು ಮಾಯಲಿ, ಆಮೇಲೆ ನಾಳ ನೋಡೋಣ” ಎನ್ನುತ್ತಿದ್ದರು. ಎವ್ರಾ ಎಂಬ ಅಧ್ಯಯನ ಇದನ್ನು ತಿರುಗಿಸಿತು. ಬ್ರಿಟನ್ನಿನ 20 ಕೇಂದ್ರಗಳಲ್ಲಿ ಹುಣ್ಣಿದ್ದ 450 ಜನ. ಎಲ್ಲರಿಗೂ ಒತ್ತು ಪಟ್ಟಿ ಕಟ್ಟಿದರು. ಅರ್ಧ ಜನರಿಗೆ ಎರಡು ವಾರದೊಳಗೆ ನಾಳವನ್ನೂ ಮುಚ್ಚಿದರು, ಉಳಿದವರಿಗೆ ಹುಣ್ಣು ಮಾಯ್ದ ಮೇಲೆ ಅಥವಾ ಆರು ತಿಂಗಳ ನಂತರ. 2018ರಲ್ಲಿ ಬಂದ ಫಲಿತಾಂಶ: ಬೇಗ ಮುಚ್ಚಿದವರ ಗುಂಪಿನಲ್ಲಿ ಅರ್ಧದಷ್ಟು ಜನರ ಹುಣ್ಣು 56 ದಿನಗಳೊಳಗೆ ಮಾಯಿತು, ತಡವಾದವರ ಗುಂಪಿನಲ್ಲಿ ಅದಕ್ಕೆ 82 ದಿನ ಬೇಕಾಯಿತು. ನಾಳ ಸರಿಪಡಿಸಿದರೆ ಹುಣ್ಣು ಮತ್ತೆ ಬರುವುದೂ ಕಡಿಮೆ ಎಂದು 2004ರ ಎಸ್ಕಾರ್ ಅಧ್ಯಯನ ಮೊದಲೇ ತೋರಿಸಿತ್ತು. ಒಂದು ವರ್ಷದಲ್ಲಿ ಮರುಕಳಿಸಿದ್ದು ಪಟ್ಟಿ ಮಾತ್ರ ಕಟ್ಟಿದವರಲ್ಲಿ ಶೇಕಡಾ 28, ಆಪರೇಷನ್ನೂ ಆದವರಲ್ಲಿ 12. ಮನೆಯಲ್ಲಿ ಯಾರಿಗಾದರೂ ಹರಡಿನ ಹತ್ತಿರ ಮಾಯದ ಹುಣ್ಣಿದ್ದರೆ, ಈ ಲೇಖನದಲ್ಲಿ ಬೇರೆ ಏನೂ ನೆನಪಿಲ್ಲದಿದ್ದರೂ ಇದನ್ನು ಅವರಿಗೆ ಹೇಳಿ. ಡ್ರೆಸ್ಸಿಂಗ್ ಮಾತ್ರ ಮಾಡಿಸುತ್ತಾ ವರ್ಷಗಟ್ಟಲೆ ಕುಂಟುತ್ತಾ ಓಡಾಡುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಹಂತ 5: “ಶೇಕಡಾ 99 ಯಶಸ್ಸು” ಎಂದರೆ ಮೂರು ಪ್ರಶ್ನೆ ಕೇಳಿ

ಯಶಸ್ಸು ಅಂದರೆ ಏನು? ಎಷ್ಟು ಕಾಲದ ನಂತರ? ಎಷ್ಟು ಜನರನ್ನು ನೋಡಿ?

ಗ್ಲೂ ಮತ್ತು ಆರ್‌ಎಫ್‌ಎಯನ್ನು ಹೋಲಿಸಿದ ವೀಕ್ಲೋಸ್ ಅಧ್ಯಯನವನ್ನೇ ತೆಗೆದುಕೊಳ್ಳಿ. 222 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. 3 ತಿಂಗಳಲ್ಲಿ ನಾಳ ಮುಚ್ಚಿದ್ದು ಗ್ಲೂನಲ್ಲಿ ಶೇಕಡಾ 99, ಆರ್‌ಎಫ್‌ಎಯಲ್ಲಿ 96. ಜಾಹೀರಾತಿಗೆ ಈ 99 ಸಾಕು. 5 ವರ್ಷದ ಲೆಕ್ಕ ನೋಡಿದರೆ ಗ್ಲೂ 91.4, ಆರ್‌ಎಫ್‌ಎ 85.2. ಇದೂ ಚೆನ್ನಾಗಿಯೇ ಇದೆ, ಎರಡರ ನಡುವೆ ದೊಡ್ಡ ಅಂತರ ಇಲ್ಲ. ಆದರೆ 5 ವರ್ಷದ ತಪಾಸಣೆಗೆ ಬಂದವರು ನೂರಕ್ಕಿಂತ ಕಡಿಮೆ. ಬಾರದವರ ಕಾಲು ಹೇಗಿದೆಯೋ ಯಾರಿಗೆ ಗೊತ್ತು? ಅಧ್ಯಯನಕ್ಕೆ ದುಡ್ಡು ಕೊಟ್ಟದ್ದು ಗ್ಲೂ ತಯಾರಿಸಿದ ಕಂಪನಿ. ಅದರಿಂದ ಅಧ್ಯಯನ ಸುಳ್ಳಾಗುವುದಿಲ್ಲ, ಓದುವಾಗ ಗಮನದಲ್ಲಿರಬೇಕು ಅಷ್ಟೇ.

ನಾಳ ಮುಚ್ಚಿದ್ದು ಒಂದು, ನಿಮ್ಮ ಕಾಲು ಹಗುರಾದದ್ದು ಇನ್ನೊಂದು. ಸ್ಕ್ಯಾನಿನಲ್ಲಿ ಪೂರ್ತಿ ಮುಚ್ಚಿಯೂ ನೋವು ಇರುವವರುಂಟು, ಸ್ವಲ್ಪ ತೆರೆದುಕೊಂಡರೂ ಆರಾಮಾಗಿ ಓಡಾಡುವವರುಂಟು. ಇತ್ತೀಚಿನ ಸಂಶೋಧನೆ ಹೊರಳುತ್ತಿರುವುದೂ ಈ ಕಡೆಗೇ. ಹಿಂದೆ ಎಷ್ಟು ನಾಳ ಮುಚ್ಚಿತು ಎಂದು ಎಣಿಸುತ್ತಿದ್ದರು. ಈಗ ನೋವು, ಊತ, ಕೆಲಸಕ್ಕೆ ಎಷ್ಟು ದಿನದಲ್ಲಿ ವಾಪಸ್ ಹೋದರು, ಐದು ವರ್ಷದಲ್ಲಿ ಮತ್ತೆ ಬಂತಾ ಎಂದು ರೋಗಿಯನ್ನೇ ಕೇಳಿ ಅಳೆಯುತ್ತಾರೆ. ಈ ಬದಲಾವಣೆ ನನಗೆ ತುಂಬಾ ಸರಿ ಅನಿಸುತ್ತದೆ.

ಇನ್ನೊಂದು ಮಾತು. ಈ ದೊಡ್ಡ ಅಧ್ಯಯನಗಳೆಲ್ಲ ಬ್ರಿಟನ್, ಯುರೋಪ್, ಅಮೆರಿಕದವು. ಅಲ್ಲಿನ ತಂಪಿನಲ್ಲಿ ಸ್ಟಾಕಿಂಗ್ಸ್, ಅಂದರೆ ಕಾಲನ್ನು ಒತ್ತಿ ಹಿಡಿಯುವ ಬಿಗಿ ಕಾಲುಚೀಲ, ಹಾಕಿಕೊಂಡಿರುವುದು ಬೇರೆ, ಏಪ್ರಿಲಿನಲ್ಲಿ ಮಲ್ಪೆಯ ಬಿಸಿಲಿಗೆ ಹಾಕಿಕೊಂಡಿರುವುದು ಬೇರೆ. ಡಾಕ್ಟರ ಜೊತೆ ಮಾತಾಡುವಾಗ ನಿಮ್ಮ ಕೆಲಸ ಏನು, ದಿನಕ್ಕೆ ಎಷ್ಟು ಗಂಟೆ ನಿಲ್ಲುತ್ತೀರಿ, ನೀರಿನಲ್ಲಿ ಕಾಲಿಡಬೇಕಾ ಎಂಬುದನ್ನೆಲ್ಲ ಹೇಳಿ.

ಹಂತ 6: ಡಾಕ್ಟರು ಮತ್ತು ದುಡ್ಡು

ನೋಡಬೇಕಾದವರು ವಾಸ್ಕ್ಯುಲರ್ ಸರ್ಜನ್, ಇಲ್ಲವೇ ಈ ಚಿಕಿತ್ಸೆ ಮಾಡುವ ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್ ಅಥವಾ ಜನರಲ್ ಸರ್ಜನ್. ಇಷ್ಟು ಕೇಳಿ: ನನ್ನ ಯಾವ ನಾಳಕ್ಕೆ, ಯಾವ ವಿಧಾನ, ಯಾಕೆ? ಕೆಳಗಿನ ಉಬ್ಬುಗಳನ್ನು ಅದೇ ದಿನ ತೆಗೆಯುತ್ತೀರಾ ಅಥವಾ ಆಮೇಲಾ? ಫೈಬರ್ ಅಥವಾ ಕ್ಯಾತಿಟರ್ ಹೊಸದಾ? ಅವು ಒಮ್ಮೆ ಮಾತ್ರ ಬಳಸುವಂಥವು. ಸೀಲ್ ಇರುವ ಪ್ಯಾಕ್ ತೋರಿಸಿ ಎನ್ನಲು ನಾಚಿಕೆ ಬೇಡ, ಅದರ ಸ್ಟಿಕ್ಕರನ್ನು ಫೈಲಿಗೆ ಅಂಟಿಸಲು ಹೇಳಿ. ಒಂದೇ ವಿಧಾನ ಮಾತ್ರ ಇರುವ ಕಡೆ ಎಲ್ಲರ ಕಾಲಿಗೂ ಅದೇ ಸರಿ ಎಂದು ಕಾಣುವ ಅಪಾಯ ಇದೆ. ಅನುಮಾನ ಬಂದರೆ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ. ಮಂಗಳೂರು, ಮಣಿಪಾಲದಲ್ಲಿ ಇಷ್ಟೊಂದು ಮೆಡಿಕಲ್ ಕಾಲೇಜುಗಳಿರುವಾಗ ಅದು ಕಷ್ಟವಲ್ಲ.

ಪ್ಯಾಕೇಜ್ ರೇಟ್ ಕೇಳುವಾಗ ಒಂದು ಕಾಲಿಗಾ ಎರಡಕ್ಕಾ, ಸ್ಕ್ಯಾನ್, ಸ್ಟಾಕಿಂಗ್ಸ್, ಆಮೇಲಿನ ಫೋಮ್ ಸೇರಿದೆಯಾ ಎಂದು ಬರೆಸಿಕೊಳ್ಳಿ. ಇನ್ಶೂರೆನ್ಸ್ ಇದ್ದರೆ ಪಾಲಿಸಿ ಓದಿ. ಎಷ್ಟೋ ಪಾಲಿಸಿಗಳಲ್ಲಿ ವೆರಿಕೋಸ್ ವೇನಿಗೆ ಮೊದಲ ಎರಡು ವರ್ಷ ಹಣ ಸಿಗುವುದಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30ರಂತೆ 1.5 ಲಕ್ಷದವರೆಗೆ ನೆರವು ಇದೆ. ತುರ್ತು ಅಲ್ಲದ ಚಿಕಿತ್ಸೆಗೆ ಮೊದಲು ಸರಕಾರಿ ಆಸ್ಪತ್ರೆಗೆ ಹೋಗಬೇಕು. ಮಂಗಳೂರಿನವರಿಗೆ ವೆನ್ಲಾಕ್, ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆ. ಅಲ್ಲಿನ ಆರೋಗ್ಯಮಿತ್ರರ ಹತ್ತಿರ ನಿಮ್ಮ ಚಿಕಿತ್ಸೆ ಯಾವ ಪ್ಯಾಕೇಜಿನಲ್ಲಿ ಬರುತ್ತದೆ ಎಂದು ಕೇಳಿ. ಅಡ್ಮಿಟ್ ಆದ ಮೇಲೆ ಕಾರ್ಡ್ ಹುಡುಕಿದರೆ ಪ್ರಯೋಜನ ಇಲ್ಲ.

ಗರ್ಭಿಣಿಯರಿಗೆ ಈ ಚಿಕಿತ್ಸೆಗಳನ್ನು ಸಾಮಾನ್ಯವಾಗಿ ಮಾಡುವುದಿಲ್ಲ. ಹೆರಿಗೆಯ ನಂತರ ಎಷ್ಟೋ ಉಬ್ಬು ತಾನಾಗಿ ಇಳಿಯುತ್ತದೆ. ಅಲ್ಲಿಯವರೆಗೆ ಸ್ಟಾಕಿಂಗ್ಸ್, ಕಾಲು ಎತ್ತರಕ್ಕೆ ಇಟ್ಟು ಮಲಗುವುದು ಸಾಕು.

ಜಿಗಣೆ ಚಿಕಿತ್ಸೆ, ಕಷಾಯದ ಬಗ್ಗೆಯೂ ಕೇಳುತ್ತಾರೆ. ಅದರಿಂದ ಕೆಲವರಿಗೆ ಊತ, ನೋವು ಇಳಿದ ಅನುಭವ ಇರಬಹುದು, ಸೋರುವ ಕವಾಟ ಮಾತ್ರ ಹಾಗೇ ಇರುತ್ತದೆ. ಮಾಡಿಸುವುದಾದರೆ ಇಬ್ಬರು ಡಾಕ್ಟರಿಗೂ ತಿಳಿಸಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಜಿಗಣೆಯ ಹತ್ತಿರ ಹೋಗಬೇಡಿ.

ಹಂತ 7: ಚಿಕಿತ್ಸೆಯ ದಿನ ಮತ್ತು ಆಮೇಲೆ

ಹೆಚ್ಚಿನವರು ಬೆಳಗ್ಗೆ ಬಂದು ಸಂಜೆ ನಡೆದುಕೊಂಡೇ ಮನೆಗೆ ಹೋಗುತ್ತಾರೆ. ಮುಗಿದ ಕೂಡಲೇ ಹದಿನೈದಿಪ್ಪತ್ತು ನಿಮಿಷ ಕಾರಿಡಾರಿನಲ್ಲಿ ನಡೆಸುತ್ತೇವೆ. ಮನೆಯಲ್ಲೂ ನಡೆಯಿರಿ. “ಆಪರೇಷನ್ ಆಗಿದೆ, ಮಲಗಿಯೇ ಇರು” ಎಂದು ಮನೆಯವರು ಪ್ರೀತಿಯಿಂದ ಹೇಳುತ್ತಾರೆ, ಕೇಳಬೇಡಿ. ಮಲಗಿಯೇ ಇದ್ದರೆ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು.

ಒಂದೆರಡು ವಾರ ತೊಡೆಯ ಒಳಗೆ ದಾರ ಎಳೆದ ಹಾಗೆ ಬಿಗಿತ, ಅಲ್ಲಲ್ಲಿ ಗಂಟು, ಕಂದಿದ ಕಲೆ ಇರುತ್ತದೆ. ಅದು ಸಹಜ. ಮೀನಖಂಡ ಊದಿ ನೋಯುವುದು, ಜ್ವರ, ಉಸಿರಾಟದ ತೊಂದರೆ ಸಹಜ ಅಲ್ಲ. ಕೂಡಲೇ ಫೋನ್ ಮಾಡಿ.

ಸ್ಟಾಕಿಂಗ್ಸ್ ಎಷ್ಟು ದಿನ ಎಂಬುದರಲ್ಲಿ ಸಂಶೋಧನೆಯ ಮಾತು ಬದಲಾಗಿದೆ. ಹಿಂದೆ ವಾರಗಟ್ಟಲೆ ಹೇಳುತ್ತಿದ್ದರು. ಬಿಸಿಯ ಚಿಕಿತ್ಸೆಯ ನಂತರ ಒಂದು ವಾರ ಹಾಕಿದರೆ ನೋವು ಸ್ವಲ್ಪ ಕಡಿಮೆ, ಅದರಾಚೆ ಹೆಚ್ಚಿನ ಲಾಭ ಕಾಣುವುದಿಲ್ಲ ಎಂದು ಹೊಸ ಅಧ್ಯಯನಗಳು ಹೇಳುತ್ತವೆ. ಹುಣ್ಣು, ಊತ ಇರುವವರ ಲೆಕ್ಕ ಬೇರೆ, ಅವರು ಮುಂದುವರಿಸಬೇಕು. ಕೊಳ್ಳುವಾಗ ಹರಡು ಮತ್ತು ಮೀನಖಂಡದ ಸುತ್ತಳತೆಯನ್ನು ಬೆಳಗ್ಗೆ, ಊತ ಬರುವ ಮೊದಲು ಅಳೆಸಿ. ಎದ್ದ ಕೂಡಲೇ ಹಾಸಿಗೆಯಲ್ಲೇ ಹಾಕಿಕೊಳ್ಳಿ. ಎರಡು ಜೊತೆ ಇರಲಿ, ಜೂನ್ ಜುಲೈಯಲ್ಲಿ ಒಂದು ಒಣಗುವುದಿಲ್ಲ. ಒದ್ದೆಯದನ್ನು ಹಾಕಿಕೊಂಡರೆ ಬೆರಳುಸಂದಿಯಲ್ಲಿ ಫಂಗಸ್ ಖಂಡಿತ. ಡಯಾಬಿಟೀಸ್ ಇರುವವರು, ಬೀಡಿ ಸಿಗರೇಟು ಸೇದುವವರು ಪಾದದ ನಾಡಿ ಪರೀಕ್ಷೆ ಮಾಡಿಸದೆ ಬಿಗಿ ಸ್ಟಾಕಿಂಗ್ಸ್ ಹಾಕಲೇಬಾರದು. ಪಾದಕ್ಕೆ ರಕ್ತ ತರುವ ನಾಳವೇ ಕಟ್ಟಿಕೊಂಡಿದ್ದರೆ ಒತ್ತಡದಿಂದ ಬೆರಳು ಕಪ್ಪಾಗುವ ಅಪಾಯ ಇದೆ.

ಗಲ್ಫಿನಲ್ಲಿ ಕೆಲಸ ಮಾಡುವವರು ರಜೆಯಲ್ಲಿ ಬಂದು ಕೊನೆಯ ವಾರದಲ್ಲಿ ಚಿಕಿತ್ಸೆ ಕೇಳುತ್ತಾರೆ. ಹಾಗೆ ಮಾಡಬೇಡಿ. ರಜೆಯ ಮೊದಲ ವಾರದಲ್ಲೇ ತೋರಿಸಿ, ವಿಮಾನದ ಟಿಕೆಟ್ ದಿನಾಂಕವನ್ನು ಡಾಕ್ಟರಿಗೆ ಹೇಳಿ. ಚಿಕಿತ್ಸೆಯ ನಂತರ ಕೆಲವು ವಾರ ದೂರದ ವಿಮಾನ ಪ್ರಯಾಣ ಬೇಡ. ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಹೋಗುವುದಕ್ಕೂ ಇದೇ ಮಾತು. ಹೋಗಲೇಬೇಕಾದರೆ ರಕ್ತ ಹೆಪ್ಪುಗಟ್ಟದ ಇಂಜೆಕ್ಷನ್ ಬೇಕಾ ಎಂದು ಕೇಳಿ. ಈ ಇಂಜೆಕ್ಷನ್ ಯಾರಿಗೆ ಬೇಕು, ಯಾರಿಗೆ ಬೇಡ ಎಂದು ತಿಳಿಯಲು ಬ್ರಿಟನ್ನಿನಲ್ಲಿ ಥ್ರೈವ್ ಎಂಬ ದೊಡ್ಡ ಅಧ್ಯಯನ ಕೈಗೆತ್ತಿಕೊಂಡಿದ್ದಾರೆ. ಸದ್ಯಕ್ಕೆ ಹಿಂದೆ ಹೆಪ್ಪುಗಟ್ಟಿದ್ದವರು, ಕ್ಯಾನ್ಸರ್ ಇದ್ದವರು, ತುಂಬಾ ದಪ್ಪ ಇರುವವರು, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರು ಇದನ್ನೆಲ್ಲ ಮುಚ್ಚಿಡದೆ ಹೇಳಿದರೆ ಡಾಕ್ಟರು ನಿರ್ಧರಿಸುತ್ತಾರೆ.

ಮೊದಲ ವಾರದಲ್ಲಿ ಒಂದು ಸ್ಕ್ಯಾನ್ ಮಾಡುವ ರೂಢಿ ನಮ್ಮಲ್ಲಿದೆ. ತೊಂದರೆ ಏನೂ ಇಲ್ಲದ ಸಾಮಾನ್ಯ ರೋಗಿಗೆ ಅದು ಕಡ್ಡಾಯ ಅಲ್ಲ ಎಂದು ಅಮೆರಿಕದ 2023ರ ಮಾರ್ಗಸೂಚಿ ಹೇಳುತ್ತದೆ. ನಿಮ್ಮ ಆಸ್ಪತ್ರೆ ಕರೆದರೆ ಹೋಗಿ, ಕರೆಯದಿದ್ದರೆ ನಿರ್ಲಕ್ಷ್ಯ ಎಂದುಕೊಳ್ಳಬೇಡಿ. ಕೆಲವು ತಿಂಗಳ ನಂತರದ ತಪಾಸಣೆಗೆ ಮಾತ್ರ ಮರೆಯದೆ ಬನ್ನಿ, ಉಳಿದ ಸಣ್ಣ ಉಬ್ಬುಗಳಿಗೆ ಫೋಮ್ ಬೇಕಾ ಎಂದು ಆಗಲೇ ನೋಡುವುದು. ಹಳೆಯ ಡಾಪ್ಲರ್ ರಿಪೋರ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಇಟ್ಟುಕೊಳ್ಳಿ, ಮೊಬೈಲಿನಲ್ಲಿ ಫೋಟೋ ಕೂಡ ತೆಗೆದಿಡಿ. ಹತ್ತು ವರ್ಷದ ಮೇಲೆ ಬೇರೆ ನಾಳ ಉಬ್ಬಿದರೆ, ಯಾವುದನ್ನು ಆಗ ಮುಚ್ಚಿದ್ದರು ಎಂದು ಹೊಸ ಡಾಕ್ಟರಿಗೆ ಅದರಿಂದಲೇ ಗೊತ್ತಾಗಬೇಕು.